ಮುಂಡಪ್ಪನ ಕೊಸರು ಸುತ್ತು

ಗುರುವಾಯನಕೆರೆಯಲ್ಲಿ ಸೈಕಲ್ ರಿಪೇರಿ ಮಾಡುವ ಮುಂಡಪ್ಪನಿಗೆ ತನ್ನ ಬಲಗೈಯ ಮೇಲಿದ್ದ ಭಕ್ತಿ ಮನೆದೈವದ ಮೇಲೂ ಇರಲಿಲ್ಲ. ಅವನ ತಂದೆ ಅವಲಕ್ಕಿ ಮಾರುತ್ತಿದ್ದವರು. ಸೇರು ತುಂಬಿ ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕದೆ ಗಿರಾಕಿಯನ್ನು ಕಳಿಸಿದವರಲ್ಲ. ಮಗ ಆ ಔದಾರ್ಯವನ್ನು ಬೋಲ್ಟುಗಳಿಗೂ ವಿಸ್ತರಿಸಿದ. ಬೋಲ್ಟು ಬಿಗಿಯಾಗಿ ಕೂತ ಮೇಲೂ ಸ್ಪ್ಯಾನರಿನ ಬಾಲಕ್ಕೆ ಮೊಳದುದ್ದದ ಕಬ್ಬಿಣದ ಪೈಪು ಸಿಕ್ಕಿಸಿ, ಉಸಿರು ಬಿಗಿಹಿಡಿದು, "ಇದು ಕೊಸರು" ಎಂದು ಇನ್ನೊಮ್ಮೆ ತಿರುಗಿಸುತ್ತಿದ್ದ. ಪೈಪಿನ ವಿದ್ಯೆ ಕಲಿತದ್ದು ಮಾಣಿ ಎಂಬ ಊರಿನ ಲಾರಿ ಗ್ಯಾರೇಜೊಂದರಲ್ಲಿ. ಲಾರಿಯ ಚಕ್ರದ ನಟ್ಟಿಗೂ ಸೈಕಲ್ ಸೀಟಿನ ಬೋಲ್ಟಿಗೂ ವ್ಯತ್ಯಾಸವಿದೆ ಎಂಬುದು, ಸ್ವಂತ ಅಂಗಡಿ ಹಾಕಿ ತಲೆ ನರೆತರೂ, ಅವನಿಗೆ ಹೊಳೆಯಲಿಲ್ಲ.

ಥ್ರೆಡ್ಡು ಕಿತ್ತುಹೋದರೆ, ಬೋಲ್ಟಿನ ತಲೆ ತುಂಡಾಗಿ ಕೈಗೆ ಬಂದರೆ, "ಈಗಿನ ಮಾಲಿನಲ್ಲಿ ಸತ್ವ ಇಲ್ಲ" ಎನ್ನುತ್ತಿದ್ದ. ಅಂಗಡಿಯ ಬೆಂಚಿನಲ್ಲಿ ಬೀಡಿ ಸೇದುತ್ತ ಹೊತ್ತು ಕಳೆಯುವ ನೋಣಯ್ಯ ಅದಕ್ಕೆ ತಾಳ ಹಾಕುತ್ತಿದ್ದ.

"ಮುಂಡಪ್ಪಣ್ಣ ಬಿಗಿ ಮಾಡಿದ್ದನ್ನು ಯಮ ಬಂದ್ರೂ ಬಿಚ್ಚಲಿಕ್ಕೆ ಆಗ್ಲಿಕ್ಕಿಲ್ಲ ಮಾರಾಯ್ರೆ!"

ನಿಜವೇ. ಪಂಕ್ಚರಾದ ಚಕ್ರ ಬಿಚ್ಚಲಾರದೆ ನಡುದಾರಿಯಲ್ಲಿ ನಿಂತವರು ಹೇಳಿದ್ದೂ ಅದನ್ನೇ, ಬೇರೆ ಸ್ವರದಲ್ಲಿ. ಮೂರ್ಖತನಕ್ಕೆ ತೋಳ್ಬಲ ಕೂಡಿದರೆ ಊರು ಅದನ್ನು ಕೈಗುಣ ಎನ್ನುತ್ತದೆ.

ಮಗಳು ಪ್ರಾಪ್ತಿ ಮೂಡುಬಿದಿರೆಯ ಕಾಲೇಜೊಂದರಲ್ಲಿ ಓದುತ್ತಿದ್ದಳು, ಸೈಕಲ್ ರೇಸಿನಲ್ಲಿ ಮುಂದಿದ್ದಳು. ಸೋಮವಾರದ ಆಯ್ಕೆಯ ಓಟದಲ್ಲಿ ಗೆದ್ದರೆ ವಿಶ್ವವಿದ್ಯಾಲಯದ ತಂಡದಲ್ಲಿ ಅವಳಿಗೊಂದು ಜಾಗ. ಕೋಚ್ ಕೊಟ್ಟ ಸೈಕಲನ್ನೇ ತುಳಿದುಕೊಂಡು ಭಾನುವಾರ ಊರಿಗೆ ಬಂದಳು. ಅದರ ಹ್ಯಾಂಡಲ್ ಕಬ್ಬಿಣದ್ದಲ್ಲ, ಕಾರ್ಬನ್ನಿನದು: ಹಗುರ, ಗಟ್ಟಿ, ಆದರೆ ಹಿಸುಕಿದರೆ ಬಿರಿಯುವಂಥದ್ದು. ದಾರಿಯ ಹೊಂಡಗಳಲ್ಲಿ ಅದು ತುಸು ಜಾರಿತ್ತು. ಅಂಗಡಿಯ ಮುಂದೆ ಕೂತು ಸರಿಮಾಡತೊಡಗಿದಳು.

"ನನ್ನ ಕೈಗೆ ಕೊಡು ಮಾರಾಯ್ತಿ, ಒಂದೇ ಪೆಟ್ಟಿಗೆ ನಿಲ್ತದೆ."

"ಬೇಡ ಅಪ್ಪ. ಇಲ್ಲಿ ಬರೆದುಂಟು ನೋಡಿ, ಬಿಗಿಯ ಅಳತೆ ಐದು. ಅದಕ್ಕಿಂತ ಹೆಚ್ಚು ಬಿಗಿ ಮಾಡ್ಲಿಕ್ಕಿಲ್ಲ. ಈ ರೆಂಚಿಗೆ ಐದು ಅಂತ ಇಟ್ರೆ ಅದೇ ಟಿಕ್ ಅಂತದೆ. ಅಲ್ಲಿಗೆ ನಿಲ್ಲಿಸ್ಬೇಕು."

"ಟಿಕ್ ಅನ್ಲಿಕ್ಕೆ ಅದೆಂತ ಗಡಿಯಾರವಾ?"

ನೋಣಯ್ಯ ಕೆಮ್ಮು ಬರುವಷ್ಟು ನಕ್ಕ. ಪ್ರಾಪ್ತಿ ಜಾರದಂತೆ ಹಿಡಿಯುವ ತರಿತರಿ ಪೇಸ್ಟು ಹಚ್ಚಿ, ಹ್ಯಾಂಡಲನ್ನು ಕಚ್ಚಿ ಹಿಡಿಯುವ ಪಟ್ಟಿಯ ನಾಲ್ಕು ಬೋಲ್ಟುಗಳನ್ನು ಎದುರುಬದುರಾಗಿ ಇಷ್ಟಿಷ್ಟೇ ತಿರುಗಿಸಿ, ಮೇಲಿನ ಸಂದೂ ಕೆಳಗಿನ ಸಂದೂ ಸಮವಾಗಿದೆಯೇ ಎಂದು ನೋಡಿ, ಟಿಕ್ ಎಂದದ್ದೇ ಕೈ ತೆಗೆದಳು. ಆಮೇಲೆ ಅಂಗಡಿಯ ಹಿಂದಿನ ಮನೆಗೆ ಊಟಕ್ಕೆ ಹೋದಳು.

ಇಷ್ಟು ಮೆಲ್ಲಗೆ ತಿರುಗಿಸಿದ್ದು ನಿಲ್ಲುತ್ತದೆಯೇ? ಮಗಳು ಬಿದ್ದರೆ? ಮುಂಡಪ್ಪ ಇದನ್ನು ಪಿತೃವಾತ್ಸಲ್ಯವೆಂದು ತಿಳಿದ. ವಾತ್ಸಲ್ಯವಲ್ಲ, ನೋಣಯ್ಯ ನೋಡುತ್ತಿದ್ದ, ಅಷ್ಟೆ. ಆ ಬೋಲ್ಟು ತಿರುಗಿಸುವ ಅಲೆನ್ ಕೀಗೆ ಪೈಪು ಸಿಕ್ಕಿಸಿ, ಉಸಿರು ಹಿಡಿದು, ಕೊಸರು ಕೊಟ್ಟ.

ಹಪ್ಪಳ ಮುರಿದಂತೆ ಸದ್ದಾಯಿತು.

ನೋಣಯ್ಯನಿಗೆ ತಟ್ಟನೆ ಬೇರೆಲ್ಲೋ ಕೆಲಸ ನೆನಪಾಯಿತು. ಮುಂಡಪ್ಪ ಹ್ಯಾಂಡಲಿನ ಬಿರುಕನ್ನು ನೋಡಿದ, ಮನೆಯ ಕಡೆ ನೋಡಿದ, ಕರೆಂಟಿನ ಕಪ್ಪು ಟೇಪು ತೆಗೆದು ಸುತ್ತಿದ. ಕಾಣದ್ದು ಇಲ್ಲ ಎಂಬುದು ಅವನ ವೇದಾಂತ.

"ಈ ಟೇಪು ಎಂತಕ್ಕೆ ಅಪ್ಪ?" ಉಂಡು ಬಂದವಳು ಕೇಳಿದಳು.

"ಕೈಗೆ ಹಿಡಿತಕ್ಕೆ."

ಅವಳು ಟೇಪು ಬಿಚ್ಚಿದಳು. ಉಗುರು ಬಿರುಕಿನೊಳಗೆ ಇಳಿಯಿತು.

"ಎಂತ ಆಗ್ಲಿಕ್ಕಿಲ್ಲ, ಓಡಿಸು," ಎಂದ ಮುಂಡಪ್ಪ. "ಬೋಲ್ಟ್ ಒಂಚೂರು ಅಲ್ಲಾಡ್ತದಾ ನೋಡು!"

"ಬೋಲ್ಟ್ ಅಲ್ಲಾಡ್ಲಿಕ್ಕಿಲ್ಲ. ಇಳಿಜಾರಿನಲ್ಲಿ ಹ್ಯಾಂಡಲ್ ತುಂಡಾಗಿ ಕೈಗೆ ಬರ್ತದೆ."

"ಅಷ್ಟು ನಾಜೂಕಿನದ್ದನ್ನು ಸೈಕಲ್ ಅಂತಾರಾ? ಮಾಲು ಸರಿ ಇಲ್ಲ ಅದು."

ಪ್ರಾಪ್ತಿ ಕೋಚಿಗೆ ಫೋನು ಮಾಡಿದಳು. ಅಂಥ ಹ್ಯಾಂಡಲ್ ಒಂದೇ ದಿನದಲ್ಲಿ ಸಿಗುವಂಥದ್ದಲ್ಲ, ಅವಳ ಅಳತೆಗೆ ಹೊಂದುವ ಬೇರೆ ಸೈಕಲ್ ಕಾಲೇಜಿನಲ್ಲಿರಲಿಲ್ಲ. ಸೋಮವಾರ ಅವಳ ಬದಲಿಗೆ ಸಾತ್ವಿಕಾ ಎಂಬ ಹುಡುಗಿ ತನ್ನದೇ ಸೈಕಲಿನಲ್ಲಿ ಓಡಿದಳು, ಗೆದ್ದಳು, ತಂಡಕ್ಕೆ ಸೇರಿದಳು. ಪ್ರಾಪ್ತಿ ರಸ್ತೆಯ ಬದಿಯಲ್ಲಿ ನಿಂತು ಅವಳಿಗೆ ನೀರಿನ ಬಾಟಲಿ ಕೊಟ್ಟಳು.

ಅಂದು ಸಂಜೆ ಮುಂಡಪ್ಪನ ಹೆಂಡತಿ ಪದ್ಮಾಕ್ಷಿ ಅಂಗಡಿಗೆ ಬಂದು, ಗಿರಾಕಿಗಳ ಎದುರಿನಲ್ಲೇ ಆ ಪೈಪನ್ನು ಎತ್ತಿಕೊಂಡಳು.

"ಹಂಡೆಯ ಒಲೆ ಊದ್ಲಿಕ್ಕೆ ಕೊಳವೆ ಇಲ್ಲ," ಎಂದಳು. "ಇದು ಇನ್ನು ಅಲ್ಲಿರಲಿ. ಹೊಗೆಯಾದ್ರೂ ಕಮ್ಮಿ ಆದೀತು."

ಗಿರಾಕಿಗಳು ನಕ್ಕರು. ಬೆಂಚಿಗೆ ಮರಳಿದ್ದ ನೋಣಯ್ಯನೂ ನಕ್ಕ. ಅವನಿಗೆ ಯಾರ ಪಕ್ಷವಾದರೂ ಒಂದೇ.

ಮುಂಡಪ್ಪ ಎಲ್ಲರಿಗೂ ಮಾಲಿನ ದೋಷವನ್ನು ವಿವರಿಸಿದ. ಮರುದಿನ ಬೆಳಗ್ಗೆ ಹೊಸ ಪೈಪು ಕತ್ತರಿಸಿಕೊಂಡ. ಹಳೆಯದಕ್ಕಿಂತ ಅದು ಒಂದು ಗೇಣು ಉದ್ದವಿತ್ತು.