ಗೋಡೆಯ ಮೇಲೆ ಓಡಿದ ಲಾರಿಗಳು

ಹೊಸಪೇಟೆಯ ಸಂಡೂರು ರಸ್ತೆಯ ಗ್ಯಾರೇಜೊಂದರಲ್ಲಿ ಲಾರಿಗಳಿಗೆ ಬಣ್ಣ ಬಳಿದು, ಹಿಂಬದಿಗೆ ನವಿಲು, ಕಮಲ ಬರೆಯುತ್ತಿದ್ದವಳು ವಿರುಪಮ್ಮ. 2008ರಲ್ಲಿ ಅದಿರು ತುಂಬಿದ ಲಾರಿಯೊಂದು ಸೈಕಲ್ ಮೇಲೆ ಹೊರಟಿದ್ದ ಅವಳ ತಮ್ಮ ಹೊನ್ನೂರಪ್ಪನನ್ನು ಅರೆದುಹಾಕಿತು. ಹೆಣವನ್ನು ಗೋಣಿಚೀಲದಲ್ಲಿ ತರಬೇಕಾಯಿತು. ಲಾರಿ ಸಿಗಲಿಲ್ಲ. ಅದು ತಾನೇ ಬಣ್ಣ ಬಳಿದ ಲಾರಿಯಾಗಿರಬಹುದೆಂಬ ಯೋಚನೆ ಅವಳನ್ನು ತಿನ್ನತೊಡಗಿತು.

ಅಕ್ಕಿ ಗಿರಣಿಯ ದೊಡ್ಡಬಸಪ್ಪನವರನ್ನು ಕೇಳಿ, ಅವರ ಉದ್ದನೆಯ ಗೋಡೆಯ ಮೇಲೆ ಅವಳು ಕೆಂಪು ಗುಡ್ಡ, ಅದರ ಕೆಳಗೊಂದು ರಸ್ತೆ, ರಸ್ತೆಯ ತುಂಬ ಲಾರಿಗೆ ಸಿಕ್ಕಿ ಸತ್ತವರನ್ನು ಬರೆದಳು. ನಡುವೆ ತಮ್ಮ ನಿಂತಿದ್ದ. ಮದುವೆಗಳ ವಿಡಿಯೊ ತೆಗೆಯುವ ಮುರುಗೇಶ್ ಅದನ್ನು ನೋಡಿ, “ಅಕ್ಕಾ, ಈ ರಸ್ತೆ ಮ್ಯಾಲ ನಾ ಲಾರಿ ಓಡಸ್ತೀನಿ,” ಅಂದ. ಅದಿರಿನ ಲಾರಿಗಳ ವಿಡಿಯೊ ತೆಗೆದುಕೊಂಡು ಬಂದು, ಕತ್ತಲಾಗುತ್ತಲೇ ಗೋಡೆಯತ್ತ ಪ್ರೊಜೆಕ್ಟರ್ ಹಚ್ಚಿದ. ಬೆಳಕಿನ ಲಾರಿಗಳು ಬಣ್ಣದ ಜನರ ಮೇಲೆ ಹಾದುಹೋಗುತ್ತಿದ್ದವು. ಲಾರಿ ಹೋದಮೇಲೂ ಗೋಡೆಯ ಜನ ಅಲ್ಲೇ ನಿಂತಿರುತ್ತಿದ್ದರು. ನೋಡಿದ ಹೆಂಗಸರು ಎದೆ ಬಡಿದುಕೊಂಡು ಅತ್ತರು.

ಮರುದಿನ ಪ್ರೊಜೆಕ್ಟರ್ ಹಚ್ಚುವ ಹೊತ್ತಿಗೆ ಲಾರಿ ಡ್ರೈವರುಗಳು ರಾಡು ಹಿಡಿದು ಬಂದರು. ಪ್ರೊಜೆಕ್ಟರನ್ನು ಒದ್ದು ಪುಡಿಮಾಡಿದರು. ಅಡ್ಡ ಬಂದ ಮುರುಗೇಶನ ತೋಳು ಮುರಿದರು. ಸುಟ್ಟ ಆಯಿಲನ್ನು ಗೋಡೆಗೆ ಎರಚಿದರು. ಅವರ ಮುಂದಾಳು ಭರಮಣ್ಣ ವಿರುಪಮ್ಮನ ಜಡೆ ಹಿಡಿದು, “ನಮ್ಮನ್ನ ಕೊಲೆಗಾರ್ರು ಮಾಡ್ತೀ ಏನ?” ಎನ್ನುತ್ತ ಅವಳ ಮುಖವನ್ನು ಗೋಡೆಗೆ ಉಜ್ಜಿದ. ಬಣ್ಣ ಕೆರೆಯುವ ತಗಡು ಅವಳ ಕೈಗೆ ಸಿಕ್ಕಿತು. ಬೀಸಿದಳು. ಅವನ ಕೆನ್ನೆ ಕಿವಿಯತನಕ ಸೀಳಿತು. ಕುಸಿದವನ ಭುಜಕ್ಕೆ ಇನ್ನೊಮ್ಮೆ ಹೊಡೆದಳು.

“ಬ್ಯಾಡವ್ವ,” ಅಂದ ಅವನು. “ನಿದ್ದಿ ಇಲ್ದ ಓಡಸ್ತೀವಿ. ಟ್ರಿಪ್ ಕಮ್ಮಿ ಆದ್ರ ಮಾಲಕ್ರು ನಮ್ಗೂ ಇಂಥಾ ರಾಡ್‌ಲೇ ಹೊಡೀತಾರ.”

ಮತ್ತೆ ಎತ್ತಿದ ಅವಳ ಕೈಯನ್ನು ದೊಡ್ಡಬಸಪ್ಪನವರು ಹಿಡಿದುಕೊಂಡರು. ಹಿಡಿಯದಿದ್ದರೆ ಕೊಂದೇಬಿಡುತ್ತಿದ್ದೆ ಎಂದು ಅವಳು ಮುಂದೆ ಹೇಳುತ್ತಿದ್ದಳು.

ಕೇಸುಗಳು ರಾಜಿಯಲ್ಲಿ ಮುಗಿದವು. ಹೊಸಪೇಟೆಯಲ್ಲಿ ಯಾವ ಲಾರಿಯವನೂ ಕೆಲಸ ಕೊಡದ್ದರಿಂದ ಅವಳು ಕಂಪ್ಲಿಗೆ ಹೋಗಿ ಅಂಗಡಿಗಳ ಬೋರ್ಡು ಬರೆದಳು. ಎರಡು ವರ್ಷದ ಮೇಲೆ ಅಲ್ಲಿನ ಗೋಡೆಯೊಂದರ ಮೇಲೆ ಮತ್ತೆ ಆ ರಸ್ತೆಯನ್ನು ಬರೆದಳು. ಈ ಸಲ ಸತ್ತವರ ಸಾಲಿನಲ್ಲಿ, ಸ್ಟೇರಿಂಗ್ ಹಿಡಿದ, ನಿದ್ದೆಗೆಟ್ಟು ಕಣ್ಣು ಕೆಂಪಾದ ಡ್ರೈವರನೂ ಇದ್ದ. ಭರಮಣ್ಣನ ಕೆನ್ನೆಯ ಹೊಲಿಗೆಯನ್ನೂ ಅವಳು ಬಿಡಲಿಲ್ಲ. ತೋಳು ಸೊಟ್ಟಗೆ ಕೂಡಿಕೊಂಡಿದ್ದ ಮುರುಗೇಶ್ ಬಾಡಿಗೆ ಪ್ರೊಜೆಕ್ಟರ್ ತಂದ. ಲಾರಿಗಳು ಓಡತೊಡಗುತ್ತಲೇ, “ಕೊಂದವನ್ನೂ ಸತ್ತೋರ ಸಾಲಿಗೆ ಸೇರಸ್ತೀ ಏನ?” ಎಂಬ ಕೂಗಿನೊಡನೆ ಗುಂಪಿನಿಂದ ಕಲ್ಲೊಂದು ಬಂದು ಅವಳ ಹಣೆ ಒಡೆಯಿತು. ಸೆರಗಿನಿಂದ ಗಾಯ ಒತ್ತಿಹಿಡಿದು, ನಿಲ್ಲಿಸಬೇಡವೆಂದು ಮುರುಗೇಶನಿಗೆ ಸನ್ನೆ ಮಾಡಿದಳು.