ಭಾವಮೈದನ ಕಡೆಯ ಕಿಟಕಿ

ಇದು ಸುಳ್ಳು ಅನ್ನುವ ಧೈರ್ಯ ನಿಮಗಿದ್ದರೆ ಅಂದುಬಿಡಿ ನೋಡೋಣ. ಈ ವಯಸ್ಸಿನಲ್ಲಿ ನನ್ನ ಹೆಂಡತಿ ನನ್ನನ್ನು ಬಿಟ್ಟು ಹೋದಳು. ಹೋದದ್ದು ಪಕ್ಕದ ಮನೆಗೆ. ಕಣ್ಣಿಗೆ ಕಾಣದ, ಮೂಗಿಗೂ ತಿಳಿಯದ ಒಂದು ಅನಿಲದ ದೆಸೆಯಿಂದ.

ಶ್ರೀರಾಂಪುರದಲ್ಲಿ ನಮ್ಮ ಮನೆಯ ಪಕ್ಕದ ಸೈಟು ಅವಳ ತಮ್ಮನದು. ಬಹಳ ಕಾಲ ಅಲ್ಲಿ ಪಾರ್ಥೇನಿಯಂ ಬೆಳೆದಿತ್ತು, ನಾನು ಸುಖವಾಗಿದ್ದೆ. ಆಮೇಲೆ ಅವನು ಮನೆ ಕಟ್ಟಿದ. ಅದು ಸಾಲದೆಂದು ಮಹಡಿ ಎಬ್ಬಿಸಿದ, ಮೆಟ್ಟಿಲಿಗೆ ಕನ್ನಡಿಯಂಥ ಗ್ರಾನೈಟ್ ಹಾಸಿದ. ಗೃಹಪ್ರವೇಶದ ಊಟ ಮುಗಿಸಿ ಬಂದವನೇ, ನಮ್ಮ ಮಲಗುವ ಕೋಣೆಯಲ್ಲಿ ಅವನ ಕಡೆಗಿದ್ದ ಕಿಟಕಿ ಮುಚ್ಚಿ ಚಿಲಕ ಜಡಿದೆ. ಹೆಂಡತಿ ಕೇಳಿದ್ದಕ್ಕೆ ಸೊಳ್ಳೆ ಅಂದೆ.

ಹೋದ ವರ್ಷ ಅವನು ರೇಡಾನ್ ಅಳೆಯುವ ಪುಟ್ಟ ಯಂತ್ರ ತರಿಸಿದ. ನೆಲದಡಿಯ ಕಲ್ಲುಮಣ್ಣಿನಿಂದ ಏಳುವ ಈ ಅನಿಲ ಗಾಳಿಯಾಡದ ಕೋಣೆಯಲ್ಲಿ ತುಂಬಿಕೊಳ್ಳುತ್ತದಂತೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೆಟ್ಟದ್ದಂತೆ. ಅವನ ಮನೆಯಲ್ಲಿ ಹಸಿರು ದೀಪ ಬಂತು, ಅಂದರೆ ಅಪಾಯವಿಲ್ಲ. ಬಂದದ್ದೇ, ಪ್ರಸಾದ ಹಂಚುವವನ ಹಾಗೆ ಯಂತ್ರವನ್ನು ನಮ್ಮ ಮನೆಗೆ ತಂದುಕೊಟ್ಟ. ಮಂಚದ ಪಕ್ಕ ಕೆಲವು ದಿನ ಇಟ್ಟೆವು. ಕೆಂಪು. ಹೆಂಡತಿ ದಿಂಬನ್ನು ಕಂಕುಳಲ್ಲಿಟ್ಟುಕೊಂಡಳು.

"ಹಸಿರು ಬಂದ್ಮೇಲೆ ಹೇಳಿ ಕಳ್ಸಿ. ಅಲ್ಲೀವರ್ಗೂ ತಮ್ಮನ ಮನೇಲಿ ಮಲಗ್ತೀನಿ."

"ಮತ್ತೆ ನಾನು?"

"ನೀವೂ ಬನ್ನಿ. ಮಹಡೀಲಿ ರೂಮಿದೆ."

ಅವನ ಗ್ರಾನೈಟ್ ಹತ್ತಿ ಮಲಗುವುದಕ್ಕಿಂತ ಕೆಂಪು ದೀಪವೇ ವಾಸಿ ಅನ್ನಿಸಿತು.

ಸುಮ್ಮನೆ ಕೂರುವ ಆಸಾಮಿ ನಾನಲ್ಲ. ಗೋಡೆ ನೆಲ ಕೂಡುವಲ್ಲಿನ ಬಿರುಕು, ಪೈಪಿನ ಸುತ್ತಲಿನ ಸಂದು, ಎಲ್ಲಕ್ಕೂ ಸಿಲಿಕೋನ್ ಅಂಟು ತುಂಬಿದೆ. ಮೇಸ್ತ್ರಿ ನಾಚಬೇಕು, ಅಷ್ಟು ನಯ. ಯಂತ್ರ ತೋರಿಸುವ ಅಂಕಿ ಸ್ವಲ್ಪ ಇಳಿಯಿತು. ಹುರುಪಿನಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ; ಅಂಕಿ ಮತ್ತೆ ಏರಿ ಕೂತಿತು. ಭಾವಮೈದ ಕಾಂಪೌಂಡಿನಾಚೆ ನಿಂತು ಕಾಫಿ ಹೀರುತ್ತಿದ್ದ. ನನ್ನ ಹೆಂಡತಿ ಬೆರೆಸಿದ ಕಾಫಿ, ವಾಸನೆಯಲ್ಲೇ ಗೊತ್ತಾಯಿತು.

"ಭಾವ, ಕಿಟಕಿ ಮುಚ್ಕೊಂಡು ಫ್ಯಾನ್ ಹಾಕ್ಬುಟ್ರೆ ಅದು ಗಾಳೀನ ನೆಲದಿಂದ್ಲೇ ಎಳ್ಕೊಳುತ್ತೆ. ಆ ಕಿಟಕಿ ತೆಗೀರಿ."

"ಸೊಳ್ಳೆ ಬರುತ್ತೆ ಕಣಯ್ಯ, ನಿನ್ ಕಡೆಯಿಂದ."

ಆಗ ನನ್ನ ಕೈಚಳಕ ತೋರಿಸಬೇಕಾಯಿತು. ಯಂತ್ರವನ್ನು ತಾರಸಿಗೆ ಒಯ್ದು, ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ ಹಾಕಿ ನೇತುಬಿಟ್ಟೆ. ಹಸಿರೋ ಹಸಿರು. ಇಳಿಸಿಕೊಂಡು ಹೋಗಿ ಹೆಂಡತಿಯ ಮುಂದೆ ಹಿಡಿದೆ. ಅವಳು ಕನ್ನಡಕ ಸರಿಮಾಡಿಕೊಂಡು ಅದರ ನೆತ್ತಿ ನೋಡಿದಳು.

"ನಮ್ ರೂಮಿಗೆ ಪಾರಿವಾಳ ಯಾವಾಗಿಂದ ಬರ್ತಿದೆ?"

ಹಿಕ್ಕೆ ಬಿದ್ದಿತ್ತು. ನಾನು ನಕ್ಕೆ, ಅವಳು ನಗಲಿಲ್ಲ.

"ಅವನ ಮನೆ ನೋಡಿದ್ರೆ ನಿಮ್ ಕಣ್ಣೇನು ಸವೆದೋಗುತ್ತಾ? ನಾನಿಲ್ದೇ ಇದ್ರೂ ಸರಿ, ಕಿಟಕಿ ಮುಚ್ಚಿರ್ಬೇಕು ಅಂದ್ರೆ ಹೇಳ್ಬುಡಿ. ನನ್ ಸೀರೇನೂ ತಂದಿಟ್ಕೋತೀನಿ."

ದಿಂಬು ಹೋದರೆ ತಿರುಗಿ ಬರುತ್ತದೆ. ಸೀರೆ ಹೋದ ಮನೆ ಬೇರೆ. ಅಂದೇ ಚಿಲಕಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ತೆಗೆದೆ. ಗ್ರಾನೈಟ್ ಫಳಾರನೆ ಮುಖಕ್ಕೆ ಹೊಡೆಯಿತು. ಹೊಟ್ಟೆ ಉರಿಯಿತು, ಗಾಳಿ ಮಾತ್ರ ತಣ್ಣಗಿತ್ತು. ಎದುರು ಗೋಡೆಯ ಕಿಟಕಿಯನ್ನೂ ತೆರೆದಿಟ್ಟೆ. ಅಂಕಿ ದಿನದಿನಕ್ಕೂ ಇಳಿದು ಹಸಿರು ಬಂತು, ಮಂಚದ ಪಕ್ಕದಲ್ಲೇ. ಹೇಳಿ ಕಳಿಸುವ ಮೊದಲೇ ಅವಳು ದಿಂಬಿನ ಸಮೇತ ಬಾಗಿಲಲ್ಲಿದ್ದಳು.

ಯಂತ್ರ ಒಯ್ಯಲು ಬಂದ ಭಾವಮೈದ ಅಂಕಿ ನೋಡಿ ತಲೆ ಕೆರೆದುಕೊಂಡ.

"ನಮ್ ಕೆಳಗಿನ ರೂಮಿಗಿಂತ ನಿಮ್ದೇ ಕಮ್ಮಿ ಇದೆಯಲ್ಲ ಭಾವ."

"ಇನ್ನೊಂದ್ಸಲ ಹೇಳು, ಕೇಳಿಸ್ಲಿಲ್ಲ," ಅಂದೆ.

ಇಷ್ಟೂ ಕಥೆಯಲ್ಲಿ ನಾನು ಕಟ್ಟಿ ಹೇಳಿದ ಸುಳ್ಳು ಒಂದೇ, ಆ ಪಾರಿವಾಳದ ಹಿಕ್ಕೆ. ನಾನು ಯಂತ್ರವನ್ನು ತಂತಿಗೆ ಸಿಕ್ಕಿಸುವುದನ್ನು ಅವಳು ಅವನ ಮಹಡಿಯಿಂದ ಕಣ್ಣಾರೆ ನೋಡಿದ್ದಳು. ಅಲ್ಲಿ ನಿಂತರೆ ನಮ್ಮ ತಾರಸಿ ಕಾಲಕೆಳಗೆ ಕಾಣುತ್ತದೆ ಅಂತ ಬರೆಯಲು ಕೈ ಬರಲಿಲ್ಲ.