ಓರಗಿತ್ತಿಯ ವೈಫೈ

ದರ್ಜಿಯಮ್ಮನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿದ್ದು ಒಂದೇ ಒಂದು ಮಾತಿನಿಂದ. ಆ ಮಾತು ಆಡಿದ್ದು ಇನ್ನೂ ಹಲ್ಲು ಪೂರ್ತಿ ಬಾರದ ಅವಳ ಮೊಮ್ಮಗಳು.

ಅಣ್ಣ ತಮ್ಮ ಇಬ್ಬರೂ ಇದ್ದ ಮನೆಗೆ ನಡುವೆ ಹಲಗೆ ಹೊಡೆಸಿ ಎರಡು ಮಾಡಿಕೊಂಡಿದ್ದರು. ಈ ಕಡೆ ಅಣ್ಣನ ಹೆಂಡತಿ ದರ್ಜಿಯಮ್ಮ. ಆ ಕಡೆ ತಮ್ಮನ ಹೆಂಡತಿ, ಅಂದರೆ ಅವಳ ಓರಗಿತ್ತಿ. ಹಲಗೆ ಎಷ್ಟು ತೆಳುವು ಅಂದರೆ ಆ ಕಡೆ ಮೆಣಸಿನಕಾಯಿ ಹುರಿದರೆ ಈ ಕಡೆ ಸೀನು ಬರುತ್ತಿತ್ತು.

ದರ್ಜಿಯಮ್ಮನ ಮಗಳು ಮದುವೆಯಾಗಿ ದೂರದ ಊರಲ್ಲಿದ್ದಳು. ಓರಗಿತ್ತಿಯ ಹತ್ತಿರ ಟ್ಯಾಬ್ ಇತ್ತು, ಗೋಡೆಯ ಮೇಲೆ ಮಿಣಮಿಣ ಅನ್ನುವ ವೈಫೈ ಡಬ್ಬಿ ಇತ್ತು. ದರ್ಜಿಯಮ್ಮನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಹಾಗಾಗಿ ಮಗು ತೋರಿಸಬೇಕು ಅಂದರೆ ಮಗಳು ಸಂಜೆ ಚಿಕ್ಕಮ್ಮನಿಗೇ ಕರೆ ಮಾಡುತ್ತಿದ್ದಳು. ಓರಗಿತ್ತಿ ಹಲಗೆ ತಟ್ಟಿ ಕರೆದರೆ ದರ್ಜಿಯಮ್ಮ ಕೈಯಲ್ಲಿದ್ದ ಸೂಜಿ ಸೆರಗಿಗೆ ಚುಚ್ಚಿಕೊಂಡು ಓಡಬೇಕು. ಓಡಿ ಹೋದರೆ ಟ್ಯಾಬು ಓರಗಿತ್ತಿಯ ತೊಡೆಯ ಮೇಲೆ, ಮಗುವಿನ ಕಣ್ಣೆದುರು ಓರಗಿತ್ತಿಯ ಮುಖ. ಇವಳು ಹಿಂದೆ ನಿಂತು ಅವಳ ಹೆಗಲ ಮೇಲಿಂದ ಇಣುಕಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ.

ಆ ಸಂಜೆ ಮಗು ಓರಗಿತ್ತಿಯ ಕಡೆ ಬೆರಳು ಮಾಡಿ, "ಅಜ್ಜಿ" ಅಂದಿತು. ಹಿಂದೆ ನಿಂತಿದ್ದವಳನ್ನು ನೋಡಿ, "ದೊಡ್ಡಜ್ಜಿ" ಅಂದಿತು.

ಓರಗಿತ್ತಿ ಚಪ್ಪಾಳೆ ತಟ್ಟಿದಳು. "ನೋಡಿದ್ರಾ ಅಕ್ಕ, ಎಷ್ಟು ಮುದ್ದಾಗಿ ಕಲಿತುಬಿಟ್ಟಿದೆ!"

"ಕಲಿಸಿದ್ದು ಯಾರು?"

"ಯಾರಾದ್ರೇನು ಬಿಡಿ. ನೀವು ದೊಡ್ಡೋರಲ್ವಾ, ಅದಕ್ಕೇ ದೊಡ್ಡಜ್ಜಿ."

ದರ್ಜಿಯಮ್ಮ ಮನೆಗೆ ಬಂದಳು. ದೊಡ್ಡಜ್ಜಿ ಅಂದರೆ ಅಜ್ಜಿಯ ಅಕ್ಕ. ತಾನು ದೊಡ್ಡಜ್ಜಿಯಾದರೆ ಅಜ್ಜಿಯ ಜಾಗದಲ್ಲಿ ಕೂತಿರುವವಳು ಯಾರು? ಒಂದು 'ದೊಡ್ಡ' ಸೇರಿಸಿ ಹೆತ್ತವಳನ್ನು ಜಗಲಿಗೆ ತಳ್ಳಿಯಾಯಿತು. ಮರ್ಯಾದೆಯನ್ನೂ ಕೊಟ್ಟ ಹಾಗಿರಬೇಕು, ಜಾಗವನ್ನೂ ಕಿತ್ತುಕೊಂಡಿರಬೇಕು. ಜಾಣೆ.

ಗಂಡ ಊಟಕ್ಕೆ ಕೂತಾಗ ಹೇಳಿದಳು. "ನಂಗೊಂದು ಟ್ಯಾಬ್ ಬೇಕು."

"ಪಕ್ಕದಲ್ಲೇ ಒಂದಿದೆಯಲ್ಲೇ."

"ಪಕ್ಕದಲ್ಲಿದೆ ಅಂತಾನೇ ಬೇಕು."

ಅಂಗಡಿಯವನು ಗಾಜಿನ ಮೇಲೆ ಎರಡು ಟ್ಯಾಬ್ ಇಟ್ಟ. ನೋಡಲು ಅವಳಿ ಜವಳಿ. "ಇದಕ್ಕೆ ಸಿಮ್ ಹಾಕಬಹುದು ಅಮ್ಮ, ಎಲ್ಲಿ ಹೋದ್ರೂ ನಡೆಯುತ್ತೆ. ಇದಕ್ಕೆ ಸಿಮ್ ಹಾಕೋಕಾಗಲ್ಲ, ವೈಫೈ ಇದ್ದ ಕಡೆ ಮಾತ್ರ. ಮನೇಲಿ ವೈಫೈ ಇದೆಯಾ?"

"ಇದೆಯಪ್ಪ," ಅಂದ ಗಂಡ. "ನನ್ನ ತಮ್ಮನ ಮನೇದು. ಹಲಗೆ ದಾಟಿ ನಮ್ಮ ಮಂಚದ ತನಕ ಬರುತ್ತೆ."

"ಮತ್ತೇನು, ವೈಫೈದೇ ಸಾಕು. ಅವರ ಹತ್ರ ಪಾಸ್‌ವರ್ಡ್ ಕೇಳಿ ಹಾಕ್ಕೊಳ್ಳಿ."

ಕೇಳಬೇಕು ಅಂದ ಕೂಡಲೇ ದರ್ಜಿಯಮ್ಮನ ಮುಖ ಇಸ್ತ್ರಿಪೆಟ್ಟಿಗೆಯ ಹಾಗೆ ಕಾಯಿತು. ಓರಗಿತ್ತಿ ಈ ಹೊಸ ಟ್ಯಾಬನ್ನು ಇಸಿದುಕೊಂಡು, ಪಾಸ್‌ವರ್ಡ್ ಕಾಣದ ಹಾಗೆ ಕೈ ಅಡ್ಡ ಹಿಡಿದು, ಟಪಟಪ ಒತ್ತಿ, 'ತಗೊಳ್ಳಿ ಅಕ್ಕ' ಅನ್ನುವುದು ಕಣ್ಣಿಗೆ ಕಟ್ಟಿತು.

"ಬೇಡ. ಅವಳು ಡಬ್ಬಿ ಆರಿಸಿದ್ರೆ ನನ್ನ ಮೊಮ್ಮಗಳೂ ಆರಿಹೋಗ್ತಾಳೆ. ಸಿಮ್‌ದೇ ಕೊಡಪ್ಪ."

"ಹೊರಗೆಲ್ಲಾದ್ರೂ ಒಯ್ತೀರಾ?"

"ನನ್ನ ಅಂಗಡಿಗೆ. ಅಲ್ಲಿಗೆ ಅವಳ ಗಾಳಿ ಬೀಸಲ್ಲ."

ಗಂಡ ಅಂಗಡಿಯವನ ಕಡೆ ಬಗ್ಗಿದ. "ಸಿಮ್ಮು ಟ್ಯಾಬಿಗಲ್ಲಪ್ಪ, ಇವಳ ಹೊಟ್ಟೆಕಿಚ್ಚಿಗೆ."

"ಹಂಗಾದ್ರೆ ತಿಂಗಳು ತಿಂಗಳು ರೀಚಾರ್ಜ್ ಮಾಡಿಸ್ತಿರಬೇಕು," ಅಂತ ಅವನೂ ನಕ್ಕ.

"ಮಾಡಿಸ್ತೀನಿ. ಇನ್ನೊಬ್ಬರ ಉಪಕಾರ ಅದಕ್ಕಿಂತ ತುಟ್ಟಿ."

ಹೊಸ ಸಿಮ್ಮು, ಹೊಸ ನಂಬರು. ಕರೆ ಮಾಡುವುದು ಹೇಗೆ ಅಂತ ಅಂಗಡಿಯವನು ತೋರಿಸಿಕೊಟ್ಟ. ದರ್ಜಿಯಮ್ಮ ಯಾರಿಗೂ ಹೇಳಲಿಲ್ಲ. ಮಗಳಿಗೆ ಹೇಳಿದರೆ ಅವಳು ಚಿಕ್ಕಮ್ಮನಿಗೆ ಹೇಳದೆ ಇರುತ್ತಾಳಾ?

ಅವಳ ಅಂಗಡಿ ಇದ್ದದ್ದು ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಒಂದು ಹೊಲಿಗೆ ಮಿಷನ್ನು, ಇಸ್ತ್ರಿ ಮೇಜು, ಒಂದು ಸ್ಟೂಲು. ಮರುದಿನ ಮಧ್ಯಾಹ್ನ ಅಳತೆ ಪಟ್ಟಿ ಕೊರಳಿಂದ ತೆಗೆದು, ತಲೆ ಬಾಚಿ, ಮಗಳಿಗೆ ವೀಡಿಯೋ ಕರೆ ಮಾಡಿದಳು. ಕಟ್ಟಾಯಿತು. ಇನ್ನೊಮ್ಮೆ ಮಾಡಿದಳು. ಕಟ್ಟಾಯಿತು. ಮಗು ಮಲಗಿದೆಯೇನೋ ಅಂತ ಒಂದು ಲಂಗದ ಅಂಚು ಮಡಿಸಿ ಮತ್ತೆ ಮಾಡಿದಳು. ಆಮೇಲೆ ಎಷ್ಟು ಮಾಡಿದರೂ ಆ ಕಡೆಯಿಂದ ಕಿಮಕ್ ಇಲ್ಲ.

ಸಂಜೆ ಹಲಗೆಯಾಚೆ ಓರಗಿತ್ತಿಯ ಟ್ಯಾಬಿನಲ್ಲಿ ಮಗಳ ದನಿ ಕೇಳಿಸಿತು. "ಯಾವನೋ ಚಿಕ್ಕಮ್ಮ, ಗೊತ್ತಿಲ್ಲದ ನಂಬರು. ಮಧ್ಯಾಹ್ನ ಬಿಟ್ಟೂ ಬಿಡದೆ ವೀಡಿಯೋ ಕಾಲ್ ಮಾಡಿದಾನೆ. ಯಾವ ಪೋಲಿಯೋ ಏನೋ, ಬ್ಲಾಕ್ ಮಾಡಿಬಿಟ್ಟೆ."

"ಒಳ್ಳೇ ಕೆಲಸ ಮಾಡಿದೆ ಕಣೇ. ಕಾಲ ಕೆಟ್ಟಿದೆ. ಇನ್ನೊಂದ್ಸಲ ಬಂದ್ರೆ ನಂಗೆ ಹೇಳು, ಅವನ ಗ್ರಹಚಾರ ಬಿಡಿಸ್ತೀನಿ."

ಈ ಕಡೆ ದರ್ಜಿಯಮ್ಮ ಎದ್ದು ಹಲಗೆಯ ಹತ್ತಿರ ಬಂದಳು. ಸುಮ್ಮನಿದ್ದರೆ ಗುಟ್ಟು ಉಳಿಯುತ್ತೆ, ಮೊಮ್ಮಗಳು ಉಳಿಯಲ್ಲ. ಹಲಗೆಗೆ ಅಂಗೈ ಬೀಸಿ ಹೊಡೆದಳು.

"ಆ ಪೋಲಿ ನಾನೇ ಕಣೇ! ನಿನ್ನ ಹೆತ್ತವಳು!"

ಆ ಕಡೆ ಟ್ಯಾಬಿನಲ್ಲಿ ಮಗಳು ನಕ್ಕಳು, ಮಗಳ ಗಂಡನೂ ನಕ್ಕ. ಓರಗಿತ್ತಿ ನಗಲಿಲ್ಲ.

"ಟ್ಯಾಬ್ ತಗೊಂಡ್ರಾ ಅಕ್ಕ? ಒಂದು ಮಾತೂ ಹೇಳಲಿಲ್ಲ. ನಮ್ಮ ವೈಫೈ ಹಾಕಿಕೊಡ್ತಿದ್ದೆ."

"ಬೇಕಾಗಿಲ್ಲ. ಇದು ಸಿಮ್‌ದು," ಅಂದಳು ದರ್ಜಿಯಮ್ಮ, ಬಂಗಾರದ್ದು ಅನ್ನುವ ಹಾಗೆ.

ಅಲ್ಲಿಂದ ಮುಂದೆ ಮಧ್ಯಾಹ್ನ ಮಗು ನಿದ್ದೆಯಿಂದ ಎದ್ದರೆ ಕರೆ ಮೆಟ್ಟಿಲ ಕೆಳಗಿನ ಅಂಗಡಿಗೇ ಬರತೊಡಗಿತು. ದರ್ಜಿಯಮ್ಮ ಟ್ಯಾಬನ್ನು ದಾರದ ಡಬ್ಬಿಗೆ ಒರಗಿಸಿ ಮೊದಲು ಪಾಠ ಹೇಳುತ್ತಿದ್ದಳು. "ನಾನು ಯಾರು? ಅಜ್ಜಿ. ಹಲಗೆ ಆ ಕಡೆಯವಳು ಯಾರು? ಚಿಕ್ಕಜ್ಜಿ. ಎಲ್ಲಿ ಹೇಳು, ಚಿ-ಕ್ಕ-ಜ್ಜಿ."

"ಅಮ್ಮಾ, ಮಗು ಜೊತೆ ಮಾತಾಡ್ತಿದೀಯೋ, ಸಾಕ್ಷಿ ಹೇಳೋಕೆ ತಯಾರು ಮಾಡ್ತಿದೀಯೋ?" ಅಂದಳು ಮಗಳು. "ನೀನು ಮಿಷನ್ ತುಳಿಯೋವಾಗ ನನ್ನನ್ನ ಸೊಂಟದ ಮೇಲೆ ಹೊತ್ತು ತಿರುಗಿದ್ದು ಚಿಕ್ಕಮ್ಮನೇ ಅಲ್ವಾ?"

ದರ್ಜಿಯಮ್ಮ ಮಿಷನ್ ತುಳಿದಳು. ಓರಗಿತ್ತಿಗೆ ಮಕ್ಕಳಿರಲಿಲ್ಲ. ಅದು ಇವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದದ್ದನ್ನು ನೆನೆಯದೆ ಇರುವುದಕ್ಕೆ ಮಿಷನ್ನಿನ ಸದ್ದು ಬಹಳ ಅನುಕೂಲ.

ಹಲಗೆಯಾಚೆ ಸಂಜೆಯ ಮಾತು ಕಡಿಮೆಯಾಯಿತು. ಮಗಳು ಒಂದು ದಿನ ಕರೆ ಮಾಡಿದರೆ ಇನ್ನೊಂದು ದಿನ ಇಲ್ಲ. ಒಂದು ಮಧ್ಯಾಹ್ನ, ಸರಿಯಾಗಿ ಮಗು ಏಳುವ ಹೊತ್ತಿಗೆ, ಓರಗಿತ್ತಿ ಅಂಗಡಿಯ ಮುಂದೆ ಬಂದು ನಿಂತಳು. ಕೈಯಲ್ಲಿ ಒಂದು ದಿಂಬಿನ ಚೀಲ.

"ಹೊಲಿಗೆ ಬಿಟ್ಟಿದೆ ಅಕ್ಕ."

ದರ್ಜಿಯಮ್ಮ ಚೀಲ ತಿರುವಿ ನಾಲ್ಕೂ ಅಂಚು ನೋಡಿದಳು. ಒಂದು ನೂಲೂ ಬಿಟ್ಟಿರಲಿಲ್ಲ. "ಎಲ್ಲಿ ಬಿಟ್ಟಿದೆ?"

"ಅಲ್ಲೇ ಎಲ್ಲೋ."

ಟ್ಯಾಬು ಕೂಗಿತು. ದರ್ಜಿಯಮ್ಮ ಒತ್ತಿದಳು. ಮಗುವಿನ ಮುಖ ಬಂತು, ಕೆನ್ನೆಯ ಮೇಲೆ ಚಾಪೆಯ ಅಚ್ಚು. "ಅಜ್ಜಿ!" ಅಂದಿತು. ದರ್ಜಿಯಮ್ಮ ತಟಕ್ಕನೆ ಹಿಂದಕ್ಕೆ ತಿರುಗಿದಳು. ಓರಗಿತ್ತಿ ಟ್ಯಾಬಿಗೆ ಕಾಣದ ಕಡೆ ಮೇಜಿನಾಚೆ ನಿಂತಿದ್ದಳು. ಹಾಗಾದರೆ ಅಜ್ಜಿ ಅಂದದ್ದು ತನಗೇ.

"ಸ್ವಲ್ಪ ಈ ಕಡೆ ತಿರುಗಿಸ್ತೀರಾ ಅಕ್ಕ?"

ದರ್ಜಿಯಮ್ಮ ಟ್ಯಾಬನ್ನು ಒಂದಿಷ್ಟು ತಿರುಗಿಸಿದಳು. ಓರಗಿತ್ತಿಯ ಅರ್ಧ ಮುಖ ಕಂಡಿತೇನೋ, ಮಗು ಅವಳನ್ನೇ ದಿಟ್ಟಿಸಿ, ಕಲಿತ ಪಾಠ ಒಪ್ಪಿಸಿತು. "ಚಿಕ್ಕಜ್ಜಿ."

ಓರಗಿತ್ತಿಯ ಮುಖ ನೆನೆದ ಬಟ್ಟೆಯ ಹಾಗೆ ಮುದುಡಿತು. "ಕಲಿಸಿದ್ದು ಯಾರು?" ಅಂದಳು.

"ಯಾರಾದ್ರೇನು ಬಿಡು. ನೀನು ಚಿಕ್ಕೋಳಲ್ವಾ."

ಹೊಟ್ಟೆ ತಣ್ಣಗಾದ ಮೇಲೆ ದರ್ಜಿಯಮ್ಮ ಕಾಲಲ್ಲಿ ಸ್ಟೂಲನ್ನು ಅವಳ ಕಡೆ ತಳ್ಳಿದಳು. "ನಿಂತೇ ಎಷ್ಟು ಹೊತ್ತು ಇಣುಕ್ತೀಯಾ? ಕೂತ್ಕೊ."

ಓರಗಿತ್ತಿ ಕೂತಳು. ದರ್ಜಿಯಮ್ಮ ಟ್ಯಾಬನ್ನು ಇನ್ನೂ ಒಂದು ಬೆರಳಗಲ ಆ ಕಡೆ ತಿರುಗಿಸಿದಳು. ಅದಕ್ಕಿಂತ ಜಾಸ್ತಿ ಇಲ್ಲ.